ಗಾಜಿನ ಫಲಕಗಳಲ್ಲಿ ಉಳಿದ ಜನಜೀವನ: ಇರಾನಿನ ಛಾಯಾಗ್ರಾಹಕ ಆಂತ್ವಾನ್ ಸೆವ್ರುಗಿನ್

ಅರಸರ ಚಿತ್ರಗಳನ್ನು ಅರಮನೆಗಳು ಕಾಯುತ್ತವೆ. ರೊಟ್ಟಿ ಸುಡುವವನ, ನೀರು ಹೊರುವವನ, ಮಗ್ಗದ ಮುಂದೆ ಕುಳಿತ ಹೆಣ್ಣುಮಗಳ ಚಿತ್ರ ಉಳಿಯಬೇಕಾದರೆ, ಅವರ ಬದುಕೂ ದಾಖಲೆಗೆ ಯೋಗ್ಯವೆಂದು ಯಾರಾದರೊಬ್ಬರು ಬಗೆಯಬೇಕು. ನೂರು ವರ್ಷಗಳಿಗೂ ಹಿಂದಿನ ಇರಾನಿನಲ್ಲಿ ಹಾಗೆ ಬಗೆದವರಲ್ಲಿ ಆಂತ್ವಾನ್ ಸೆವ್ರುಗಿನ್ ಪ್ರಮುಖರು. ಅಂದಿನ ಇರಾನಿನ ಬೀದಿ, ಅಂಗಡಿ, ಪಾಠಶಾಲೆಗಳನ್ನು ನಾವಿಂದು ಕಾಣಬಲ್ಲೆವಾದರೆ ಅದಕ್ಕೆ ಅವರ ಶ್ರಮ ಬಹುಮಟ್ಟಿಗೆ ಕಾರಣ.

ಸೆವ್ರುಗಿನ್ ಜನಿಸಿದ್ದು ತೆಹರಾನಿನಲ್ಲಿ. ಅರ್ಮೇನಿಯನ್ ಮೂಲದ ತಂದೆ ಅಲ್ಲಿ ರಷ್ಯಾದ ರಾಯಭಾರ ಸೇವೆಯಲ್ಲಿದ್ದರು, ತಾಯಿ ಜಾರ್ಜಿಯಾದವರು. ಮನೆಯ ಮೂಲ ಒಂದು, ಬೀದಿಯ ಭಾಷೆ ಮತ್ತೊಂದು, ಆಡಳಿತದ ನುಡಿ ಇನ್ನೊಂದು ಎಂಬ ಸ್ಥಿತಿ ಗಡಿನಾಡಿನಲ್ಲಿ ಬಾಳುವ ನಮಗೆ ಅಪರಿಚಿತವಲ್ಲ. ತಂದೆ ಕುದುರೆಯಿಂದ ಬಿದ್ದು ತೀರಿಕೊಂಡ ಬಳಿಕ ತಾಯಿ ಮಕ್ಕಳೊಡನೆ ಜಾರ್ಜಿಯಾದ ಟಿಫ್ಲಿಸ್ ನಗರಕ್ಕೆ ಮರಳಿದರು. ಚಿತ್ರಕಲೆಯನ್ನು ಕಲಿಯುತ್ತಿದ್ದ ಮಗ ಸಂಸಾರದ ಭಾರಕ್ಕೆ ಹೆಗಲು ಕೊಡಲು ಕುಂಚವನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ಆ ನಗರದ ಹೆಸರಾಂತ ಛಾಯಾಗ್ರಾಹಕ ದಿಮಿತ್ರಿ ಎರ್ಮಾಕೋವ್ ಅವರ ಒಡನಾಟ ಇದಕ್ಕೆ ನೆರವಾಯಿತು.

ಇಬ್ಬರು ಸಹೋದರರೊಡನೆ ಇರಾನಿಗೆ ಹಿಂದಿರುಗಿದ ಸೆವ್ರುಗಿನ್ ಅಜರ್‌ಬೈಜಾನ್, ಕುರ್ದಿಸ್ತಾನ, ಲುರಿಸ್ತಾನ ಪ್ರಾಂತ್ಯಗಳಲ್ಲಿ ಸಂಚರಿಸಿದರು. ಮುಂದೆ ತೆಹರಾನಿನಲ್ಲಿ ಸ್ಟುಡಿಯೋ ತೆರೆದು ನೆಲೆಸಿದರು. ಆಗಿನ ಛಾಯಾಗ್ರಹಣ ಸುಲಭದ ಕೆಲಸವಾಗಿರಲಿಲ್ಲ. ಭಾರವಾದ ಕ್ಯಾಮೆರಾ, ಮುಕ್ಕಾಲಿ, ಬೆಳಕಿಗೆ ಸ್ಪಂದಿಸುವ ಲೇಪನವಿದ್ದ ಗಾಜಿನ ಫಲಕಗಳು, ಇವನ್ನೆಲ್ಲ ಪ್ರಾಣಿಗಳ ಬೆನ್ನ ಮೇಲೇರಿಸಿ ಬೆಟ್ಟದ ದಾರಿಗಳಲ್ಲಿ ಒಯ್ಯಬೇಕಿತ್ತು. ಒಂದು ಫಲಕ ಒಡೆದರೆ ಅದರಲ್ಲಿದ್ದ ಚಿತ್ರವೂ ಇಲ್ಲವಾಗುತ್ತಿತ್ತು.

ಅರಮನೆಯ ಬಾಗಿಲು ಅವರಿಗೆ ತೆರೆದಿತ್ತು. ನಾಸಿರುದ್ದೀನ್ ಷಾ ತನ್ನ ಮೀಸೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿರುವ ಚಿತ್ರವನ್ನೂ ಅವರು ತೆಗೆದಿದ್ದಾರೆ. ಆದರೆ ಅವರ ಆಸಕ್ತಿ ಅರಮನೆಗೆ ಸೀಮಿತವಾಗಲಿಲ್ಲ. ಜೂರ್‌ಖಾನೆ ಎಂಬ ಗರಡಿಮನೆಗಳ ಪೈಲ್ವಾನರು, ಭಿಕ್ಷಾಪಾತ್ರೆ ಹಿಡಿದ ದರ್ವೇಶಿಗಳು, ಪೇಟೆಯ ವ್ಯಾಪಾರಿಗಳು, ಗಾಲೀಚ ನೇಯುವವರು, ಮಕ್ತಬ್ ಎಂಬ ಪಾಠಶಾಲೆಯಲ್ಲಿ ಗುರುವಿನ ಮುಂದೆ ಕುಳಿತ ಹುಡುಗರು, ಎಲ್ಲರೂ ಅವರ ಚಿತ್ರಗಳಲ್ಲಿದ್ದಾರೆ.

ಈ ಚಿತ್ರಗಳೆಲ್ಲವೂ ಇದ್ದುದನ್ನು ಇದ್ದಂತೆಯೇ ತೋರುತ್ತವೆ ಎಂದು ನಾವು ಭಾವಿಸಬೇಕಿಲ್ಲ. ಕೆಲವನ್ನು ಸ್ಟುಡಿಯೋದಲ್ಲಿ, ಬೇಕಾದ ಭಂಗಿಯಲ್ಲಿ ನಿಲ್ಲಿಸಿ ತೆಗೆಯಲಾಗಿದೆ. ಪೂರ್ವದೇಶದ ವೈಚಿತ್ರ್ಯವನ್ನು ಬಯಸುತ್ತಿದ್ದ ಯುರೋಪಿನ ಪ್ರವಾಸಿಗರೂ ಅವರ ಗಿರಾಕಿಗಳಾಗಿದ್ದರು. ಆ ಪ್ರವಾಸಿಗರ ಪುಸ್ತಕಗಳಲ್ಲಿ ಅವರ ಚಿತ್ರಗಳು ಎಷ್ಟೋ ಸಲ ಅವರ ಹೆಸರೇ ಇಲ್ಲದೆ ಅಚ್ಚಾದವು. ಆದರೂ 1897ರಲ್ಲಿ ಬ್ರಸೆಲ್ಸ್ ಮತ್ತು 1900ರಲ್ಲಿ ಪ್ಯಾರಿಸ್ ಪ್ರದರ್ಶನಗಳಲ್ಲಿ ಅವರಿಗೆ ಪದಕಗಳು ಸಂದವು.

ದೊಡ್ಡ ಆಘಾತ ಬಂದದ್ದು 1908ರಲ್ಲಿ. ಸಂವಿಧಾನಕ್ಕಾಗಿ ಹೋರಾಡುತ್ತಿದ್ದವರ ಮೇಲೆ ಮುಹಮ್ಮದ್ ಅಲಿ ಷಾನ ಸೇನೆ ಎರಗಿತು. ಸಂಸತ್ ಭವನದ ಮೇಲೆ ಫಿರಂಗಿಗಳು ಸಿಡಿದವು. ಆ ಗಲಭೆಯಲ್ಲಿ ಸ್ಟುಡಿಯೋವೂ ಹಾನಿಗೀಡಾಯಿತು. ಸುಮಾರು 7,000 ಫಲಕಗಳಲ್ಲಿ ಉಳಿದವು 2,000ದಷ್ಟು ಮಾತ್ರ. ಹಲವು ದಶಕಗಳ ದುಡಿಮೆ ಚೂರಾದರೂ ಅವರು ವೃತ್ತಿಯನ್ನು ಬಿಡಲಿಲ್ಲ.

ಎರಡನೆಯ ಆಘಾತಕ್ಕೆ ಫಿರಂಗಿಯೂ ಬೇಕಾಗಲಿಲ್ಲ. ಮುಂದೆ ಪಟ್ಟಕ್ಕೆ ಬಂದ ರಜಾ ಷಾ ಇರಾನನ್ನು ಆಧುನಿಕ ರಾಷ್ಟ್ರವೆಂದು ಜಗತ್ತಿಗೆ ತೋರಿಸಬಯಸಿದ. ದರ್ವೇಶಿಗಳ, ಹಳೆಯ ಉಡುಗೆತೊಡುಗೆಗಳ ಚಿತ್ರಗಳು ಆ ಆಡಳಿತಕ್ಕೆ ಅವಮಾನವೆನಿಸಿದವು. ಅಳಿದುಳಿದ ಫಲಕಗಳನ್ನೂ ಸರಕಾರ ವಶಪಡಿಸಿಕೊಂಡಿತು. 1933ರಲ್ಲಿ ಸೆವ್ರುಗಿನ್ ನಿಧನರಾದರು. 1941ರಲ್ಲಿ ರಜಾ ಷಾ ಪಟ್ಟ ತ್ಯಜಿಸಿದ ಬಳಿಕ ಅವರ ಮಗಳು ಕೆಲವು ಫಲಕಗಳನ್ನು ಮರಳಿ ಪಡೆದರು. ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಇಂದು ಅವರ 696 ಗಾಜಿನ ಫಲಕಗಳಿವೆ.

ನಾಚಿಕೆಯೆಂದು ಒಂದು ಸರಕಾರ ಬಚ್ಚಿಟ್ಟದ್ದನ್ನೇ ಇಂದು ವಿದ್ವಾಂಸರು ಅರಸಿ ನೋಡುತ್ತಾರೆ. ಆದರೆ ಒಂದು ಕೊರತೆ ತುಂಬಿಬರುವಂಥದ್ದಲ್ಲ. ಷಾನ ಹೆಸರು ಎಲ್ಲರಿಗೂ ಗೊತ್ತು. ಆ ಮಕ್ತಬ್‌ನ ಹುಡುಗರು ಯಾರೆಂದು ಚಿತ್ರ ಹೇಳುವುದಿಲ್ಲ. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಮದುವೆಯ, ಜಾತ್ರೆಯ, ಕನ್ನಡ ಶಾಲೆಯ ಚಿತ್ರಗಳಿವೆ. ಅವುಗಳಲ್ಲಿರುವವರನ್ನು ಗುರುತಿಸಬಲ್ಲ ಅಜ್ಜ ಅಜ್ಜಿಯರು ನಮ್ಮೊಡನಿರುವಾಗಲೇ ಮಕ್ಕಳು ಅವರ ಬಳಿ ಕುಳಿತು, ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಕನ್ನಡದಲ್ಲಿ ಬರೆದಿಡಲಿ.