ಹಾನ್ಸ್ ಗೈಗರ್

ಕಣ್ಣಿಗೆ ಕಾಣದ ವಿಕಿರಣವನ್ನು ಎಣಿಸಲು ಕಲಿಸಿದ ವಿಜ್ಞಾನಿ ಹಾನ್ಸ್ ಗೈಗರ್ 1882ರಲ್ಲಿ ಜರ್ಮನಿಯಲ್ಲಿ ಜನಿಸಿದನು. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗುರು ರುದರ್‌ಫರ್ಡನೊಡನೆ ಆತನು ಎಣಿಕೆಯ ಉಪಕರಣವೊಂದನ್ನು ರಚಿಸಿದನು. ಹಿತ್ತಾಳೆಯ ಕೊಳವೆ, ಅದರ ನಡುವೆ ತೆಳುವಾದ ತಂತಿ. ಇವೆರಡರ ನಡುವೆ ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ ಒತ್ತಡ ಬೇಕಾಗಿತ್ತು. ಅದಕ್ಕಾಗಿ ಚಿಕ್ಕ ಚಿಕ್ಕ ವಿದ್ಯುತ್ಕೋಶಗಳನ್ನು ಸಾಲಾಗಿ ಜೋಡಿಸಿದರು. ಆಲ್ಫಾ ಕಣವು ಒಳಹೊಕ್ಕೊಡನೆ ಅನಿಲದಲ್ಲಿ ಅಯಾನುಗಳು ಹುಟ್ಟಿ, ಆ ಒತ್ತಡದಿಂದ ಸಾವಿರಾರು ಪಟ್ಟು ಹೆಚ್ಚಿ, ಮಾಪಕವು ಅಲುಗುತ್ತಿತ್ತು.

ಆದರೆ ಅದು ನಿಮಿಷಕ್ಕೆ ಕೆಲವೇ ಕಣಗಳನ್ನು ಎಣಿಸಬಲ್ಲುದಾಗಿತ್ತು. ಆದುದರಿಂದ 1909ರಲ್ಲಿ, ಚಿನ್ನದ ಹಾಳೆಯ ಪ್ರಯೋಗದಲ್ಲಿ, ಗೈಗರನೂ ಮಾರ್ಸ್‌ಡೆನ್ನನೂ ಕತ್ತಲೆಯ ಕೋಣೆಯಲ್ಲಿ ಕುಳಿತು ತೆರೆಯ ಮೇಲಿನ ಮಿಣುಕುಗಳನ್ನು ಕಣ್ಣು ದಣಿಯುವವರೆಗೆ ಎಣಿಸಿದರು. ಆ ತಾಳ್ಮೆಯಿಂದಲೇ ಪರಮಾಣುವಿನ ಬೀಜಕೇಂದ್ರವು ಬೆಳಕಿಗೆ ಬಂದಿತು.

1928ರಲ್ಲಿ ಶಿಷ್ಯ ಮ್ಯೂಲರನೊಡನೆ ಗೈಗರನು ಆ ಕೊಳವೆಯನ್ನು ಪರಿಷ್ಕರಿಸಿದನು. 1945ರಲ್ಲಿ ಆತನು ತೀರಿಕೊಂಡನು. ಆತನ ಕೊಳವೆಯಾದರೋ ಇಂದಿಗೂ ಮನುಷ್ಯನನ್ನು ಅಪಾಯದಿಂದ ಎಚ್ಚರಿಸುತ್ತಿದೆ.