ಕಣಗಿಲೆಯ ದೂರದ ನಂಟ

ಮಾರಿಕಣಿವೆಗೆ ಟ್ರಿಪ್ ಹೋದಾಗ ನಾವು ಅಣೆಕಟ್ಟು ನೋಡಿ, ಕಣಿವೆ ಮಾರಮ್ಮನಿಗೆ ಕೈಮುಗಿದು, ಕಣಗಿಲೆ ಗಿಡದ ಹತ್ರ ಫೋಟೊ ತೆಗೆಸಿಕೊಂಡ್ವಿ. ದನಕರು ಬಾಯಿ ಹಾಕದ ಗಿಡ ಅದು. ಅದರ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತೆ, ಯಾರೂ ಮದ್ದು ಅಂತ ಪ್ರಯೋಗ ಮಾಡೋಕೆ ಹೋಗ್ಬೇಡಿ. ಅದೇ ಬಗೆಯ ವಿಷ ಇರೋ ಇನ್ನೊಂದು ಗಿಡ ಇಂಗ್ಲೆಂಡಿನ ಫಾಕ್ಸ್‌ಗ್ಲೋವ್. ಅದನ್ನು ಅಳತೆಗೆ ತಂದು ಔಷಧಿ ಮಾಡಿದ ಡಾಕ್ಟರ್ ವಿಲಿಯಂ ವಿದರಿಂಗ್ ಅವರ ಕಥೆ ಈ ಸಲ.

ವಿದರಿಂಗ್ ಹುಟ್ಟಿದ್ದು 1741ರಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುವಾಗ ಅವರಿಗೆ ಸಸ್ಯಶಾಸ್ತ್ರ ಅಂದ್ರೆ ಆಗ್ತಿರಲಿಲ್ಲ (ನಮ್ಮಲ್ಲಿ ಕೆಲವರಿಗೆ ಎಂಜಿನಿಯರಿಂಗ್ ಡ್ರಾಯಿಂಗ್ ಇದ್ದ ಹಾಗೆ). ಆಮೇಲೆ ಹೂವಿನ ಚಿತ್ರ ಬರೆಯುವ ಹೆಲೆನಾ ಪರಿಚಯವಾದರು. ಅವರಿಗಾಗಿ ಗಿಡ ಹುಡುಕುತ್ತಾ ಹುಡುಕುತ್ತಾ ಸಸ್ಯ ಪಂಡಿತರೇ ಆದರು, ಮದುವೆಯೂ ಆಯ್ತು. ಮುಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಅವರ ಗೆಳೆಯರ ಬಳಗದಲ್ಲಿ ಉಗಿಯಂತ್ರದ ಜೇಮ್ಸ್ ವಾಟ್ ಕೂಡ ಇದ್ದರು.

1775ರಲ್ಲಿ, ಮೈಗೆ ನೀರು ತುಂಬಿ ಬಾತುಕೊಳ್ಳುವ ಕಾಯಿಲೆಗೆ ಒಬ್ಬ ಅಜ್ಜಿ ಕೊಡ್ತಿದ್ದ ನಾಟಿ ಔಷಧಿ ಅವರ ಕೈಗೆ ಬಂತು. ಇಪ್ಪತ್ತರಷ್ಟು ಸೊಪ್ಪುಗಳಲ್ಲಿ ಕೆಲಸ ಮಾಡೋದು ಫಾಕ್ಸ್‌ಗ್ಲೋವ್ ಅಂತ ಹಿಡಿದರು. ಆಗ ಸ್ಟೆತೊಸ್ಕೋಪ್ ಇಲ್ಲ, ಇಸಿಜಿ ಇಲ್ಲ. ಮೊದಮೊದಲು ಜಾಸ್ತಿ ಕೊಟ್ಟು ರೋಗಿಗಳನ್ನು ಹೈರಾಣ ಮಾಡಿದ್ದೂ ಉಂಟು. ವಾಂತಿ, ಕಣ್ಣಿಗೆ ಎಲ್ಲ ಹಳದಿ-ಹಸಿರಾಗಿ ಕಾಣೋದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯೋದು, ಎಲ್ಲವನ್ನೂ ಬರೆದಿಟ್ಟರು. ಈ ಅಡ್ಡಪರಿಣಾಮಗಳೇ ಅವರ ಮೀಟರ್: ಮೊದಲ ಸೂಚನೆ ಕಂಡ ಕೂಡಲೇ ಔಷಧಿ ನಿಲ್ಲಿಸಬೇಕು. ಗುಣವಾಗುವ ಡೋಸಿಗೂ ಕೊಲ್ಲುವ ಡೋಸಿಗೂ ನಡುವೆ ಅಂತರ ಅಷ್ಟು ಕಮ್ಮಿ. ನಮ್ಮ ಭಾಷೆಯಲ್ಲಿ, ಫ್ಯಾಕ್ಟರ್ ಆಫ್ ಸೇಫ್ಟಿ ತೀರಾ ಸಣ್ಣದು.

ಇನ್ನೊಂದು ಸುಳಿವೂ ಸಿಕ್ಕಿತು. ನಾಡಿ ದುರ್ಬಲವಾಗಿ, ತಪ್ಪಿ ತಪ್ಪಿ ಬಡಿಯುವವರಿಗೆ ಮೂತ್ರ ಚೆನ್ನಾಗಿ ಹೋಗಿ ಬಾವು ಇಳೀತಿತ್ತು. ನಾಡಿ ಬಿಗಿಯಾಗಿದ್ದವರಿಗೆ ಅಷ್ಟಾಗಿ ನಾಟುತ್ತಿರಲಿಲ್ಲ. ಬಾವು ಒಂದೇ ಥರ ಕಂಡರೂ ಮೂಲ ಬೇರೆ ಬೇರೆ ಅಂತ ಮದ್ದೇ ತೋರಿಸ್ತಿತ್ತು. ಹೃದಯ ಸೋತು ಮೈಗೆ ನೀರು ಬರುತ್ತೆ ಅನ್ನೋದು ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೂ ಈ ಎಲೆಗೆ ಹೃದಯದ ಮೇಲೆ ಹಿಡಿತ ಇದೆ ಅಂತ 1785ರ ಪುಸ್ತಕದಲ್ಲಿ ಬರೆದರು. ಸೋತ ಕೇಸುಗಳನ್ನೂ ಬಚ್ಚಿಡಲಿಲ್ಲ, ನಮಗೆ ತುಂಬಾ ಹಿಡಿಸಿದ್ದು ಅದು.

ಫಾಕ್ಸ್‌ಗ್ಲೋವ್ ಜಾತಿಯ ಗಿಡದಿಂದ ಬರುವ ಡಿಗಾಕ್ಸಿನ್ ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ನುಂಗುವ ಹಿರಿಯರಿಗೆ ಊಟ ಸೇರದೆ, ಎಲ್ಲ ಹಳದಿಯಾಗಿ ಕಂಡರೆ ಡಾಕ್ಟರು ಮೊದಲು ಮಾತ್ರೆಯನ್ನೇ ಅನುಮಾನಿಸ್ತಾರೆ. ಇಸಿಜಿಯಲ್ಲಿ ಗೆರೆ ಜೋತು ಬಿದ್ದಿರೋದೂ ಬರೀ ಆ ಮಾತ್ರೆಯ ಗುರುತಾಗಿರಬಹುದು. ಅಜ್ಜ-ಅಜ್ಜಿ ಜೊತೆ ಆಸ್ಪತ್ರೆಗೆ ಹೋದಾಗ ಮಾತ್ರೆ ಚೀಟಿ ಮರೀಬೇಡಿ.

ವಿದರಿಂಗ್ 1799ರಲ್ಲಿ ಕ್ಷಯದಿಂದ ತೀರಿಕೊಂಡರು. ಎಡ್ಜ್‌ಬಾಸ್ಟನ್‌ನ ಹಳೆ ಚರ್ಚಿನಲ್ಲಿರುವ ಅವರ ಸ್ಮಾರಕದ ಮೇಲೆ ಫಾಕ್ಸ್‌ಗ್ಲೋವ್ ಕೆತ್ತಿದ್ದಾರೆ.