ದೀನಬಂಧು ಕುದ್ಮುಲ್ ರಂಗರಾಯರು

ಮಡಿಕೇರಿಯಿಂದ ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯ ಪುತ್ತೂರುಗಳ ಮೇಲೆ ಹಾಯ್ದು ಮಂಗಳೂರನ್ನು ಸೇರುವ ಹಾದಿಯು ಕೊಡಗುನಾಡಿನವರಿಗೆ ಹಳೆಯ ಪರಿಚಯದ್ದು. ಅಮರಸುಳ್ಯ ಮತ್ತು ಪುತ್ತೂರಿನ ಸೀಮೆಗಳು 1834ರವರೆಗೆ ಹಾಲೇರಿ ಅರಸರ ಆಳ್ವಿಕೆಗೇ ಒಳಪಟ್ಟಿದ್ದುವು. 1949ರಲ್ಲಿ ಮಡಿಕೇರಿಯಲ್ಲಿ ಕಾಲೇಜು ಏರ್ಪಡುವ ಮುನ್ನ ಉಚ್ಚ ವಿದ್ಯೆಯನ್ನು ಬಯಸಿದ ಕೊಡಗಿನ ಬಾಲಕರು ಮೈಸೂರಿಗೋ ಮದರಾಸಿಗೋ, ಇಲ್ಲವೇ ಈ ಘಟ್ಟವನ್ನಿಳಿದು ಮಂಗಳೂರಿಗೋ ಹೋಗಬೇಕಾಗಿದ್ದಿತು. 1934ರ ಫೆಬ್ರುವರಿಯಲ್ಲಿ ಹರಿಜನ ಯಾತ್ರೆಯನ್ನು ಕೈಗೊಂಡ ಮಹಾತ್ಮಾ ಗಾಂಧಿಯವರು ಕೊಡಗಿನಲ್ಲಿ ಸಂಚರಿಸಿ, ಇದೇ ದಾರಿಯಿಂದ ಕರಾವಳಿಗೆ ಇಳಿದರು. ಮಂಗಳೂರಿನಲ್ಲಿ ಅವರು ದಲಿತ ಮಕ್ಕಳ ಒಂದು ವಿದ್ಯಾಸಂಸ್ಥೆಯನ್ನು ಸಂದರ್ಶಿಸಿದರು. ಆ ಸಂಸ್ಥೆಯನ್ನು ಕಟ್ಟಿದ ಮಹನೀಯರು ಆಗಲೇ ಕಾಲವಶರಾಗಿ ಆರು ವರ್ಷಗಳು ಸಂದಿದ್ದುವು. ಅವರೇ ಕುದ್ಮುಲ್ ರಂಗರಾಯರು. ವಿದ್ಯಾರ್ಥಿಯಾದವನು ದೀನರ ಪಕ್ಷದಲ್ಲಿ ನಿಂತು ವಾದಿಸಲು ಯಾವ ಬಗೆಯಲ್ಲಿ ಸಿದ್ಧನಾಗಬೇಕೆಂಬುದಕ್ಕೆ ಅವರ ಜೀವಿತವು ಒಂದು ಉಜ್ಜ್ವಲ ನಿದರ್ಶನವಾಗಿದೆ.

ಆ ಕಾಲದ ಸ್ಥಿತಿಯನ್ನು ಮೊದಲು ತಿಳಿಯುವುದು ಯುಕ್ತ. ಘಟ್ಟದ ಮೇಲಣ ಕೊಡಗಿನ ಗದ್ದೆಗಳಲ್ಲಿಯೂ, ಕೆಳಗಣ ಕನ್ನಡ ಜಿಲ್ಲೆಯ ಬೈಲುಗಳಲ್ಲಿಯೂ ಉತ್ತು ಬಿತ್ತಿ ಕೊಯ್ಯುತ್ತಿದ್ದ ಅಸಂಖ್ಯ ಜನರು ಅಸ್ಪೃಶ್ಯರೆನಿಸಿ, ತಲೆತಲಾಂತರದಿಂದ ಒಡೆಯರ ಮನೆಗೆ ಕಟ್ಟುಬಿದ್ದು ಬಾಳುತ್ತಿದ್ದರು. ಜೀತದಾಳಿನ ಮೇಲೆ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದು 1843ರಲ್ಲಿಯೇ ಕಾಯಿದೆಯಾಯಿತು. ಆದರೆ ಕಾಯಿದೆಯು ಕಾಗದದ ಮೇಲಿನ ಅಕ್ಷರ. ಅಕ್ಷರವನ್ನೇ ಅರಿಯದವನಿಗೆ ಅದರಿಂದ ಒದಗುವ ಫಲವೇನು? ಈ ಪ್ರಶ್ನೆಗೆ ಉತ್ತರವನ್ನು ತಮ್ಮ ಆಯುಷ್ಯದಿಂದಲೇ ಕೊಟ್ಟವರು ರಂಗರಾಯರು.

ಅವರು 1859ನೆಯ ಇಸವಿ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿನಲ್ಲಿ ಪಿತೃವಿಯೋಗವಾಯಿತು. ಸಂಸಾರದ ಭಾರವು ಎಳೆಯ ಹೆಗಲಿನ ಮೇಲೆ ಬಿದ್ದುದರಿಂದ, ಓದನ್ನು ಬಿಟ್ಟು ಹೊಟ್ಟೆಯ ಪಾಡನ್ನು ನೋಡಿಕೊಂಡಿದ್ದರೆ ಅವರನ್ನು ಯಾರೂ ನಿಂದಿಸುತ್ತಿರಲಿಲ್ಲ. ಆದರೆ ಅವರು ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿಗಳ ಸಂಬಳದ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಹಗಲು ಮಕ್ಕಳಿಗೆ ಕಲಿಸುವವರು, ಉಳಿದ ಹೊತ್ತಿನಲ್ಲಿ ತಾವೇ ಮಕ್ಕಳಂತೆ ಕಲಿಯುವವರಾದರು. ಹೀಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತರುವಾಯ ಪ್ಲೀಡರ್ ಪರೀಕ್ಷೆಯನ್ನೂ ಮುಗಿಸಿ, ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾಗಿ ನಿಂತರು. ಬಡಕಕ್ಷಿಗಾರರ ಪಕ್ಷವನ್ನು ಹಿಡಿಯುವ ವಕೀಲರೆಂದು ಅವರಿಗೆ ಹೆಸರಾಯಿತು. ಅಲ್ಪದಲ್ಲಿ ಬದುಕುವುದನ್ನು ವಿದ್ಯಾರ್ಥಿದೆಶೆಯಲ್ಲಿಯೇ ಅಭ್ಯಾಸಮಾಡಿದವರಿಗೆ, ಅಲ್ಪ ಫೀಜಿನ ಕಕ್ಷಿಗಾರನು ಹೊರೆಯಾಗಿ ತೋರುವುದಿಲ್ಲವಷ್ಟೆ.

ಪುಸ್ತಕವಿದ್ಯೆಯ ಜತೆಗೆ ಮತ್ತೊಂದು ಶಿಕ್ಷಣವೂ ಅವರಿಗೆ ಮಂಗಳೂರಿನಲ್ಲಿ ದೊರೆಯಿತು. ಬಿಲ್ಲವ ಸಮಾಜದ ಮುಖಂಡರಾದ ಅರಸಪ್ಪನವರ ಪ್ರಯತ್ನದಿಂದಲೂ ಉಳ್ಳಾಲ ರಘುನಾಥಯ್ಯನವರ ಶ್ರದ್ಧೆಯಿಂದಲೂ 1870ರಲ್ಲಿ ಆ ಪಟ್ಟಣದಲ್ಲಿ ಬ್ರಹ್ಮಸಮಾಜವು ಸ್ಥಾಪಿತವಾಗಿದ್ದಿತು. ದೇವನೊಬ್ಬನೇ, ಆತನ ಸನ್ನಿಧಿಯಲ್ಲಿ ಜಾತಿಭೇದವಿಲ್ಲವೆಂಬ ಬೋಧೆಯನ್ನು ರಂಗರಾಯರು ಅಲ್ಲಿ ಮನನ ಮಾಡಿದರು. ಅನೇಕರು ಆ ಬೋಧೆಯನ್ನು ಸಭೆಯಲ್ಲಿ ಕೇಳಿ, ಮನೆಯ ಹೊಸ್ತಿಲಿನ ಹೊರಗೆ ಬಿಟ್ಟು ಹೋಗುತ್ತಿದ್ದರು. ಇವರು ಅದನ್ನು ಒಳಕ್ಕೆ ಕೊಂಡೊಯ್ದರು.

ದಲಿತ ಯುವಕನೊಬ್ಬನು ನಾಲ್ಕನೆಯ ತರಗತಿಯವರೆಗೆ ಓದಿ, ನ್ಯಾಯಾಲಯದಲ್ಲಿ ಜವಾನನ ಕೆಲಸಕ್ಕೆ ನಿಯಮಿತನಾದನೆಂದೂ, ಅವನು ತಮ್ಮ ನಡುವೆ ಓಡಾಡುವುದನ್ನು ಉಚ್ಚವರ್ಣದವರು ಸಹಿಸದೆ ವಿರೋಧಿಸಿದರೆಂದೂ, ಇದನ್ನು ಕಂಡು ರಂಗರಾಯರ ಮನಸ್ಸು ಕದಡಿತೆಂದೂ ಒಂದು ವೃತ್ತಾಂತವು ಮಂಗಳೂರಿನಲ್ಲಿ ಪ್ರಸಿದ್ಧವಾಗಿದೆ. ಆ ಅನ್ಯಾಯವು ನಡೆದುದು ಎಲ್ಲಿಯೋ ಮೂಲೆಯ ಹಳ್ಳಿಯಲ್ಲಲ್ಲ, ನ್ಯಾಯದೇವತೆಯ ಅಂಗಳದಲ್ಲಿ. ಒಬ್ಬನಿಗಾಗಿ ಒಂದು ಮೊಕದ್ದಮೆಯನ್ನು ಗೆದ್ದುಕೊಡುವುದು ವಕೀಲನ ಕೆಲಸವೇ ಸರಿ. ಆದರೆ ಅಂತಹ ನೂರಾರು ಮಂದಿ ಓದು ಬಲ್ಲವರಾಗಿ, ತಮ್ಮ ಪಕ್ಷವನ್ನು ತಾವೇ ಹೇಳಿಕೊಳ್ಳುವಂತಾದ ಹೊರತು ಈ ಅನ್ಯಾಯಕ್ಕೆ ಕೊನೆಯಿಲ್ಲ. ರಂಗರಾಯರ ಮುಂದಿನ ಕಾರ್ಯವೆಲ್ಲ ಈ ಒಂದು ತತ್ತ್ವದ ಮೇಲೆ ನಿಂತಿತು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅವರು ದಲಿತ ಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ವಿಘ್ನಗಳು ಒಂದೆರಡಲ್ಲ. ಕಲಿಸಲು ಉಪಾಧ್ಯಾಯರು ಸಿಕ್ಕಲಿಲ್ಲ. ಮೈಲಿಗೆಯ ಭಯದಿಂದ ಮೇಲ್ಜಾತಿಯವರು ಹಿಂಜರಿಯಲು, ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಒಪ್ಪಲಿಲ್ಲ. ದನ ಕಾಯುವ ಹುಡುಗನು ಶಾಲೆಯಲ್ಲಿ ಕುಳಿತರೆ ಆ ದಿನದ ಕೂಳು ಹೋಗುತ್ತಿದ್ದಿತು. ರಂಗರಾಯರು ಅವರನ್ನು ಅಜ್ಞಾನಿಗಳೆಂದು ಜರೆಯಲಿಲ್ಲ. ಹಸಿವಿನ ಲೆಕ್ಕವನ್ನು ಅರಿತವರಾದ ಕಾರಣ, ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ತಂದೆತಾಯಿಗಳಿಗೆ ದಿನಕ್ಕೆ ಎರಡು ಪೈಸೆಗಳಂತೆ ಕೊಟ್ಟು, ಮಗುವಿನ ದುಡಿಮೆಯ ನಷ್ಟವನ್ನು ತುಂಬಿದರು. ದೇಶದ ಶಾಲೆಗಳಲ್ಲಿ ಬಿಸಿಯೂಟವು ಸರ್ವಸಾಮಾನ್ಯವಾದುದು ಒಂದು ಶತಮಾನದ ತರುವಾಯ ಎಂಬುದನ್ನು ನೆನೆದರೆ ಅವರ ದೂರದೃಷ್ಟಿಯು ವಿದಿತವಾಗುವುದು.

ಊರಿನ ವಿರೋಧದಿಂದ ಶಾಲೆಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬೇಕಾಯಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಬೀದಿಯಲ್ಲಿ ಅಪಹಾಸ್ಯವೂ ನಿಂದೆಯೂ ಅವರ ಪಾಲಾದುವು. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ವಿಧಿವತ್ತಾಗಿ ಸ್ಥಾಪಿಸಿದರು. ಕೊಡಿಯಾಲಬೈಲಿನ ಶೇಡಿಗುಡ್ಡೆಯು ಅದರ ಕೇಂದ್ರವಾಯಿತು. ಅಲ್ಲಿ ಅಕ್ಷರದೊಂದಿಗೆ ನೇಯ್ಗೆ, ಬಡಗಿತನ ಮೊದಲಾದ ಕಸಬುಗಳನ್ನೂ ಕಲಿಸಲಾಯಿತು; ದೂರದ ಮಕ್ಕಳಿಗೆ ವಸತಿಗೃಹವು ಏರ್ಪಟ್ಟಿತು. ಮಂಗಳೂರಿನ ಇತರ ಭಾಗಗಳಲ್ಲಿಯೂ, ಉಡುಪಿ ಮುಲ್ಕಿಗಳ ಕಡೆಯಲ್ಲಿಯೂ ಶಾಲೆಗಳು ಹುಟ್ಟಿದುವು. ನೆಲವಿಲ್ಲದವರಿಗೆ ಸರಕಾರದಿಂದ ನೆಲವನ್ನು ಬೇಡಿ ಕೊಡಿಸಿ, ಮನೆಗಳನ್ನು ಕಟ್ಟಿಸಿದರು. ಎಲ್ಲರಿಗಿಂತಲೂ ಹಿಂದುಳಿದ ಕೊರಗರನ್ನೂ ಅವರು ಮರೆಯಲಿಲ್ಲ.

ಒಂದು ಕಾಲಕ್ಕೆ ಉಪಾಧ್ಯಾಯರು ದೊರೆಯದಿದ್ದ ಆ ಶಾಲೆಗಳಿಂದಲೇ ಉಪಾಧ್ಯಾಯರು ಹೊರಬಂದರು. ಅಂಗಾರ ಮಾಸ್ತರರು, ಗೋವಿಂದ ಮಾಸ್ತರರು ಮುಂತಾದವರು ಸ್ಥಳೀಯ ಸಂಸ್ಥೆಗಳಲ್ಲಿ ಸದಸ್ಯರಾಗಿ ಕುಳಿತು ತಮ್ಮವರ ಕಷ್ಟಸುಖಗಳನ್ನು ತಾವೇ ಅರುಹುವಂತಾದರು. ದೀನರ ಪರವಾಗಿ ತಾನೊಬ್ಬನೇ ನಿರಂತರವೂ ಮಾತನಾಡುತ್ತಿರಬೇಕೆಂಬುದು ರಾಯರ ಹಂಬಲವಾಗಿರಲಿಲ್ಲ. ತಮ್ಮ ವಕೀಲಿಕೆಯು ಅನಾವಶ್ಯಕವಾಗುವ ದಿನವನ್ನೇ ಅವರು ಹತ್ತಿರಕ್ಕೆ ತಂದರು.

ಪರರ ಮನೆಯನ್ನು ತಿದ್ದಹೊರಟವರಿಗೆ ತಮ್ಮ ಮನೆಯಲ್ಲಿ ಪರೀಕ್ಷೆಯು ಕಾದಿರುತ್ತದೆ. 1912ರಲ್ಲಿ ರಾಯರ ಪುತ್ರಿ ರಾಧಾಬಾಯಿಯವರ ವಿವಾಹವು ತಮಿಳುನಾಡಿನ ಕುಮಾರಮಂಗಲದ ಜಮೀನುದಾರಿ ಮನೆತನದ ಡಾಕ್ಟರ್ ಪಿ. ಸುಬ್ಬರಾಯನ್ ಅವರೊಡನೆ ನೆರವೇರಿತು. ವರನು ಬೇರೆ ಜಾತಿ, ಬೇರೆ ಭಾಷೆಯವರು. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣವು ತೆತ್ತ ಬೆಲೆಯನ್ನು ಬಲ್ಲ ಶರಣಬಂಧುಗಳಿಗೆ, ಅಂತಹ ಸಂಬಂಧದ ಭಾರವನ್ನು ವಿವರಿಸಬೇಕಾಗಿಲ್ಲ. ಆ ಪುತ್ರಿಯೇ ಮುಂದೆ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪಕ್ಷವನ್ನು ಮಂಡಿಸಿದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್ ಸಭೆಗೆ ಚುನಾಯಿತರಾದ ಪ್ರಥಮ ಮಹಿಳೆಯೆನಿಸಿದರು.

ಸರಕಾರವು ರಂಗರಾಯರಿಗೆ ರಾವ್ ಸಾಹೇಬ ಎಂಬ ಬಿರುದನ್ನಿತ್ತು ಗೌರವಿಸಿತು. ಅವರಿಗಾದರೋ ಬಿರುದಿಗಿಂತ ವೈರಾಗ್ಯವೇ ಹೆಚ್ಚು ಹಿಡಿಸಿತು. 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ನಾಮವನ್ನು ಧರಿಸಿದರು. 1928ರ ಜನವರಿ 30ರಂದು ಅವರು ದೇಹವನ್ನು ತ್ಯಜಿಸಿದರು. ತಮ್ಮ ಕಳೇಬರವನ್ನು ಜಾತಿಯವರು ಹೊರದೆ, ಊರಿನ ಕಸವನ್ನು ಎತ್ತುವ ತೋಟಿಗಳೇ ಹೊತ್ತು ಸಂಸ್ಕಾರ ಮಾಡಬೇಕೆಂಬುದು ಅವರ ಅಂತಿಮ ಇಚ್ಛೆಯಾಗಿದ್ದಿತು. ದಲಿತರ ಮಗುವೊಂದು ಕಲಿತು, ಸರಕಾರದ ಹುದ್ದೆಯನ್ನು ಪಡೆದು, ತನ್ನ ಮೋಟಾರಿನಲ್ಲಿ ಊರ ಬೀದಿಯಲ್ಲಿ ಹೋಗುವಾಗ, ಆ ಗಾಲಿಯಿಂದೆದ್ದ ಧೂಳು ತಮ್ಮ ಶಿರಸ್ಸಿಗೆ ತಗುಲಿದರೆ ತಮ್ಮ ಜನ್ಮವು ಸಾರ್ಥಕವೆಂದು ಅವರು ಭಾವಿಸಿದ್ದರು. ಮಂಗಳೂರಿನಲ್ಲಿರುವ ಅವರ ಸಮಾಧಿಯು ಈ ಹಂಬಲವನ್ನು ಇಂದಿಗೂ ಸಾರುತ್ತಿದೆ. ಆ ನಗರದ ಪುರಭವನವು ಅವರ ಹೆಸರನ್ನೇ ಹೊತ್ತಿದೆ.

ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದುವ ವಿದ್ಯಾರ್ಥಿಗಳಲ್ಲಿ ಮುಂದೆ ವಕೀಲರೂ ಅಧಿಕಾರಿಗಳೂ ಜನಸೇವಕರೂ ಆಗಬಯಸುವವರು ಅನೇಕರಿರುವರು. ಅವರು ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಇಷ್ಟು: ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸಿದ್ಧತೆಯ ಅರ್ಧ ಮಾತ್ರ. ಅಲ್ಪದಲ್ಲಿ ಬಾಳುವ ಅಭ್ಯಾಸ, ನಿಂದೆಯನ್ನು ಸಹಿಸುವ ಸ್ಥೈರ್ಯ, ಹಸಿದವನ ಲೆಕ್ಕವನ್ನು ಅವನ ಜಗಲಿಯಲ್ಲಿ ಕುಳಿತು ಅರಿಯುವ ವಿನಯ, ಇವು ಉಳಿದ ಅರ್ಧ. ಮೊದಲನೆಯದನ್ನು ವಿದ್ಯಾಲಯವು ಕೊಡಬಲ್ಲುದು. ಎರಡನೆಯದನ್ನು ವಿದ್ಯಾರ್ಥಿಯು ತಾನೇ ಸಂಪಾದಿಸಬೇಕು. ಎಂಟು ರೂಪಾಯಿಗಳ ಸಂಬಳದಲ್ಲಿ ಓದಿದ ರಂಗರಾಯರು ಎರಡನ್ನೂ ಸಂಪಾದಿಸಿದ್ದರು.